ಅಮೇಜಿಂಗ್ಲಿ: ಬೆರಗು ಯಾರದ್ದು?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ, ವಾಚನಾ ಸಪ್ತಾಹದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಎರಡೆರಡು ಸಲ ಹೇಳಿದ ಮಾತುಗಳನ್ನು ತೆಗೆದಿದ್ದೇನೆ. ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೂನ್ 19 ಕೇರಳದಲ್ಲಿ ವಾಚನಾ ದಿನ. 1995ರಲ್ಲಿ ಪಿ.ಎನ್. ಪಣಿಕ್ಕರ್ ತೀರಿಕೊಂಡದ್ದು ಅದೇ ದಿನ. ಊರೂರಲ್ಲಿ ಗ್ರಂಥಾಲಯ ಇರಬೇಕು ಅಂತ ಓಡಾಡಿದವರು ಅವರು. ಅವರ ನೆನಪಿನ ವಾರದಲ್ಲಿ ಯಾವುದಾದರೂ ದೊಡ್ಡ ಪುಸ್ತಕದ ಬಗ್ಗೆ ಮಾತಾಡಬೇಕಿತ್ತು. ನಾನು ಒಂದೇ ಒಂದು ಶಬ್ದ ಹಿಡಿದುಕೊಂಡು ಬಂದಿದ್ದೇನೆ. ಅದೂ ಇಂಗ್ಲಿಷಿನದು. ಅಮೇಜಿಂಗ್ಲಿ.

ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಕೂತಿರುವ ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ. ಪೇಟೆಗೆ ಹೋದರೆ ಮಲಯಾಳ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ. ಹೊರಗಿನಿಂದ ಬಂದ ಭಾಷಣಕಾರರು ಕಾಸರಗೋಡನ್ನು ‘ಸಪ್ತಭಾಷಾ ಸಂಗಮ ಭೂಮಿ’ ಅಂತ ಹೊಗಳಿ ಚಪ್ಪಾಳೆ ತಗೊಂಡು ಹೋಗುತ್ತಾರೆ. ಆದರೆ ಆ ಏಳು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರೂ ಮಾಡುವುದಿಲ್ಲ. ಇವತ್ತು ಸ್ವಲ್ಪ ಮಾಡೋಣ ಅಂತ.

ನಾನು ಬಹಳ ಕಾಲ ಮಾಡಿದ ಕೆಲಸ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು. ಆ ಕೆಲಸದಲ್ಲಿ ವಸ್ತುಗಳ ಹೆಸರು ಅಷ್ಟು ಕಾಡುವುದಿಲ್ಲ. ಕ್ರಿಯಾಪದವೂ ಹೇಗೋ ಸಿಗುತ್ತದೆ. ಕೊನೆಯಲ್ಲಿ ‘ಲಿ’ ಅಂತ ಬರುವ ಶಬ್ದಗಳದ್ದೇ ತಕರಾರು. ವ್ಯಾಕರಣ ಇವನ್ನು ಕ್ರಿಯಾವಿಶೇಷಣ ಅನ್ನುತ್ತದೆ. ಹೆಸರು ಕೇಳಿದರೆ ಕ್ರಿಯೆಗೆ ಮಾತ್ರ ಅಂಟಿಕೊಳ್ಳುವ ಶಬ್ದ ಅನಿಸುತ್ತದೆ. ಹಾಗೇನಿಲ್ಲ. ಅದು ಕ್ರಿಯೆಗೂ ಅಂಟುತ್ತದೆ, ಗುಣಕ್ಕೂ ಅಂಟುತ್ತದೆ. ಕೆಲವು ಸಲ ಯಾವುದಕ್ಕೂ ಅಂಟದೆ ಇಡೀ ವಾಕ್ಯದ ತಲೆಯ ಮೇಲೆ ಕೂರುತ್ತದೆ.

ಕಲೋತ್ಸವದಿಂದಲೇ ಶುರು ಮಾಡುತ್ತೇನೆ. 2019ರಲ್ಲಿ ಕೇರಳ ಶಾಲಾ ಕಲೋತ್ಸವ ನಮ್ಮ ಜಿಲ್ಲೆಯಲ್ಲೇ, ಕಾಞಂಗಾಡಿನಲ್ಲಿ ಆಯಿತು. ಅಂಥ ಒಂದು ವೇದಿಕೆಯಲ್ಲಿ ಹುಡುಗಿಯೊಬ್ಬಳು ಕುಣಿದಳು ಅಂತ ಇಟ್ಟುಕೊಳ್ಳಿ. ಶಾಲೆಯ ಸ್ಮರಣ ಸಂಚಿಕೆಗೆ ನೀವು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕು. ‘ಶಿ ಡ್ಯಾನ್ಸ್ಡ್ ಅಮೇಜಿಂಗ್ಲಿ’ ಅಂತ ಬರೆದರೆ ಹುಡುಗಿಗೆ ಖುಷಿ. ಅವಳು ಅದ್ಭುತವಾಗಿ ಕುಣಿದಳು ಅಂತ ಅರ್ಥ. ಅದೇ ಶಬ್ದವನ್ನು ಎತ್ತಿ ಮುಂದೆ ಇಡಿ, ಒಂದು ಅಲ್ಪವಿರಾಮ ಹಾಕಿ. ‘ಅಮೇಜಿಂಗ್ಲಿ, ಶಿ ಡ್ಯಾನ್ಸ್ಡ್.’ ಈಗ ಹುಡುಗಿಯ ಅಮ್ಮ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಯಾಕೆಂದರೆ ಈಗಿನ ಅರ್ಥವೇ ಬೇರೆ. ಅವಳು ಕುಣಿಯುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ, ಆದರೂ ಕುಣಿದಳು! ಚೆನ್ನಾಗಿ ಕುಣಿದಳೋ ಕಾಲು ತಪ್ಪಿದಳೋ, ಆ ವಾಕ್ಯಕ್ಕೆ ಗೊತ್ತಿಲ್ಲ. ಅವಳು ವೇದಿಕೆ ಹತ್ತಿದ್ದೇ ದೊಡ್ಡ ಆಶ್ಚರ್ಯ ಅಂತಷ್ಟೇ ಅದು ಹೇಳುತ್ತದೆ.

ಒಂದೂ ಅಕ್ಷರ ಬದಲಾಗಿಲ್ಲ. ಜಾಗ ಮಾತ್ರ ಬದಲಾಯಿತು. ಜೊತೆಗೆ ಒಂದು ಅಲ್ಪವಿರಾಮ. ಓದುವಾಗ ಅಲ್ಲಿ ಉಸಿರು ನಿಲ್ಲುತ್ತದೆ, ಆಮೇಲೆ ವಾಕ್ಯ ಹೊರಡುತ್ತದೆ.

ಮಕ್ಕಳಿಗೆ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಆ ಶಬ್ದವನ್ನು ತೆಗೆದುಹಾಕಿ. ವಾಕ್ಯದ ಮುಂದೆ ‘ಇಟ್ ಈಸ್ ಅಮೇಜಿಂಗ್ ದಟ್’ ಅಂತ ಸೇರಿಸಿ ನೋಡಿ. ಅರ್ಥ ಹಾಗೇ ಉಳಿದರೆ ಅದು ಇಡೀ ವಾಕ್ಯದ ಅಮೇಜಿಂಗ್ಲಿ. ಅರ್ಥ ಕೆಟ್ಟರೆ ಕ್ರಿಯೆಯದ್ದೋ ಗುಣದ್ದೋ. ‘ಅಮೇಜಿಂಗ್ಲಿ, ನೋ ವನ್ ವಾಸ್ ಹರ್ಟ್’ ಅನ್ನುವುದಕ್ಕೆ ಈ ಪರೀಕ್ಷೆ ಹಾಕಿ. ಯಾರಿಗೂ ಗಾಯ ಆಗದಿದ್ದದ್ದೇ ಆಶ್ಚರ್ಯ ಅಂತ ಸರಿಯಾಗಿ ಬರುತ್ತದೆ. ಇನ್ನು ಗುಣಕ್ಕೆ ಅಂಟುವ ಬಗೆ. ‘ಅಮೇಜಿಂಗ್ಲಿ ಸಿಂಪಲ್’, ‘ಅಮೇಜಿಂಗ್ಲಿ ಕೋಲ್ಡ್’ ಅಂದಾಗ ಅದು ‘ತುಂಬಾ’ ಅನ್ನುವುದರ ಅಣ್ಣ ಅಷ್ಟೇ. ಎಷ್ಟು ಅಂದರೆ ನಂಬಲಿಕ್ಕೆ ಕಷ್ಟ ಆಗುವಷ್ಟು.

ಈಗ ನಮ್ಮ ಮೊಸಳೆಯ ವಿಷಯಕ್ಕೆ ಬರುತ್ತೇನೆ. ಕುಂಬಳೆ ಹತ್ತಿರದ ಅನಂತಪುರ ನಿಮಗೆಲ್ಲ ಗೊತ್ತು. ಕೆರೆಯ ನಡುವೆ ದೇವಸ್ಥಾನ. ಆ ಕೆರೆಯಲ್ಲಿ ಬಬಿಯಾ ಇತ್ತು. 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ದೇವರ ನೈವೇದ್ಯ ತಿನ್ನುವ ಮೊಸಳೆ, ಯಾರಿಗೂ ತೊಂದರೆ ಕೊಡದ ಮೊಸಳೆ ಅಂತ ದೇಶವಿಡೀ ಹೆಸರು. ಅದರ ಬಗ್ಗೆ ಇಂಗ್ಲಿಷಿನಲ್ಲಿ ‘ದ ಕ್ರಾಕಡೈಲ್ ವಾಸ್ ಅಮೇಜಿಂಗ್ಲಿ ಜೆಂಟಲ್’ ಅಂತ ಒಬ್ಬರು ಬರೆಯುತ್ತಾರೆ ಅನ್ನೋಣ. ಅದರ ಸಾಧುತನಕ್ಕೆ ಮಿತಿಯೇ ಇರಲಿಲ್ಲ ಅಂತ ಅರ್ಥ. ಇನ್ನೊಬ್ಬರು ‘ಅಮೇಜಿಂಗ್ಲಿ, ದ ಕ್ರಾಕಡೈಲ್ ವಾಸ್ ಜೆಂಟಲ್’ ಅಂತ ಬರೆಯುತ್ತಾರೆ. ಮೊಸಳೆ ಅಂದಮೇಲೆ ಕಚ್ಚಬೇಕಲ್ವಾ, ಇದು ಸಾಧು ಹೇಗೆ ಅಂತ ಅವರ ಬೆರಗು.

ಇಲ್ಲಿ ನನ್ನದೊಂದು ಪ್ರಶ್ನೆ. ಈ ಬೆರಗು ಯಾರದ್ದು?

ಮೊಸಳೆಯದ್ದಂತೂ ಅಲ್ಲ. ದಿನಾ ಅದಕ್ಕೆ ನೈವೇದ್ಯ ಹಾಕುತ್ತಿದ್ದವರದ್ದೂ ಅಲ್ಲ. ಅವರಿಗೆ ಅದು ದಿನದ ಕೆಲಸ. ಅನಂತಪುರದ ಅಜ್ಜಿಯೊಬ್ಬರು ‘ಆಶ್ಚರ್ಯವೆಂದರೆ ನಮ್ಮ ಬಬಿಯಾ ಕಚ್ಚುವುದಿಲ್ಲ’ ಅಂತ ಖಂಡಿತ ಹೇಳುತ್ತಿರಲಿಲ್ಲ. ‘ಅದು ಪಾಪದ್ದು ಮಾರಾಯ್ರೆ’ ಅನ್ನುತ್ತಿದ್ದರು ಅಷ್ಟೇ. ಅಮೇಜಿಂಗ್ಲಿ ಅನ್ನುವುದು ಹೊರಗಿನಿಂದ ಬಂದು ನೋಡಿದವರ ಶಬ್ದ. ಆದರೆ ಆ ವಾಕ್ಯದಲ್ಲಿ ಹೊರಗಿನವರು ಎಲ್ಲೂ ಕಾಣುವುದಿಲ್ಲ. ‘ನನಗೆ’ ಇಲ್ಲ, ‘ನಮಗೆ’ ಇಲ್ಲ. ಬೆರಗು ಒಂದು ಸಾರ್ವಜನಿಕ ಸತ್ಯದ ಹಾಗೆ ನಿಂತಿದೆ. ಈ ಶಬ್ದದ ಶಕ್ತಿಯೂ ಅದೇ, ಕಪಟವೂ ಅದೇ. ಬೆರಗುಪಟ್ಟವರನ್ನು ಅದು ಮರೆಮಾಡುತ್ತದೆ.

ಬಬಿಯಾ ಹೋದ ಒಂದು ವರ್ಷದ ನಂತರ, 2023ರಲ್ಲಿ, ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಆವಾಗ ಊರಿನವರಿಗೂ ಬೆರಗಾಯಿತು. ಇಲ್ಲಿ ‘ಅಮೇಜಿಂಗ್ಲಿ, ಅನದರ್ ಕ್ರಾಕಡೈಲ್ ಅಪಿಯರ್ಡ್’ ಅಂತ ಯಾರು ಬರೆದರೂ ನಾನು ಒಪ್ಪುತ್ತೇನೆ.

ಕನ್ನಡದಲ್ಲಿ ಬೆರಗನ್ನು ಹೀಗೆ ಯಜಮಾನ ಇಲ್ಲದೆ ಬಿಡುವುದು ಸುಲಭ ಅಲ್ಲ. ‘ನನಗೆ ಆಶ್ಚರ್ಯ ಆಯಿತು’ ಅನ್ನುತ್ತೇವೆ. ಹಸಿವು, ಸಿಟ್ಟು, ನಾಚಿಕೆ, ಬೇಜಾರು ಎಲ್ಲ ಹೀಗೇ. ‘ನನಗೆ’ ಬೇಕು. ಆಶ್ಚರ್ಯ ಬಂದು ಸೇರಲು ಒಬ್ಬ ಮನುಷ್ಯ ಬೇಕು. ಇಂಗ್ಲಿಷಿನ ಆ ಒಂಟಿ ಶಬ್ದವನ್ನು ತಂದು ‘ಆಶ್ಚರ್ಯಕರವಾಗಿ ಯಾರಿಗೂ ಗಾಯವಾಗಲಿಲ್ಲ’ ಅಂತ ಬರೆದರೆ ಏನೋ ಒಂದು ಎಡವಟ್ಟು ಆಗುತ್ತದೆ. ಏನದು?

‘ಆಗಿ’ ಅನ್ನುವುದು ‘ಆಗು’ ಧಾತುವಿನಿಂದ ಬಂದದ್ದು. ಅದು ಕ್ರಿಯೆಯ ಪಕ್ಕದಲ್ಲೇ ಇರಲು ಇಷ್ಟಪಡುತ್ತದೆ. ‘ಚೆನ್ನಾಗಿ ಹಾಡಿದ’, ‘ನಿಧಾನವಾಗಿ ನಡೆದ’. ಹೇಗೆ ಹಾಡಿದ, ಹೇಗೆ ನಡೆದ ಅನ್ನುವುದಕ್ಕೆ ಅದು ಉತ್ತರ. ಹಾಗಾಗಿ ‘ಆಶ್ಚರ್ಯಕರವಾಗಿ ಗಾಯವಾಗಲಿಲ್ಲ’ ಅಂದಾಗ ಕನ್ನಡದ ಕಿವಿ ಕೇಳುತ್ತದೆ, ಗಾಯ ಆಗದೇ ಇರುವುದರಲ್ಲಿ ಆಶ್ಚರ್ಯಕರವಾದ ಒಂದು ರೀತಿ ಇದೆಯೋ ಅಂತ. ಇಂಗ್ಲಿಷಿನ ‘ಲಿ’ಯ ಹಿಂದೆ ಬೇರೆ ಕಥೆ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಲೀಚ್’ ಅಂದರೆ ದೇಹ, ರೂಪ. ‘ಹಾಗೆ’ ಅನ್ನುವ ಅರ್ಥದ ‘ಲೈಕ್’ ಕೂಡ ಅದೇ ಮನೆಯದ್ದು. ಫ್ರೆಂಚರು ಇದೇ ಕೆಲಸಕ್ಕೆ ‘ಮಾಂ’ ಅಂತ ಒಂದು ತುದಿ ಸೇರಿಸುತ್ತಾರೆ. ಅದು ಲ್ಯಾಟಿನ್ನಿನ ‘ಮನಸ್ಸು’ ಎಂಬ ಶಬ್ದದಿಂದ ಬಂದದ್ದು. ಒಬ್ಬರು ದೇಹ ಸೇರಿಸಿದರು, ಒಬ್ಬರು ಮನಸ್ಸು ಸೇರಿಸಿದರು. ನಾವು ‘ಆಗು’ ಅಂತ ಕ್ರಿಯೆಯನ್ನೇ ಸೇರಿಸಿದೆವು. ಮೂರೂ ಒಂದೇ ಅಳತೆಗೆ ಹೊಂದಬೇಕು ಅಂತ ನಿರೀಕ್ಷಿಸುವುದು ಸರಿಯಲ್ಲ.

ಹಾಗಾದರೆ ಇಡೀ ವಾಕ್ಯದ ಮೇಲೆ ಕೂರುವ ಶಬ್ದ ಕನ್ನಡದಲ್ಲಿ ಇಲ್ವಾ? ಖಂಡಿತ ಇದೆ. ನೀವು ದಿನಾ ಬಳಸುತ್ತೀರಿ. ‘ಪುಣ್ಯಕ್ಕೆ ಬಸ್ಸು ಸಿಕ್ಕಿತು.’ ‘ಗ್ರಹಚಾರಕ್ಕೆ ಅವತ್ತೇ ಮಳೆಯೂ ಬಂತು.’ ನೋಡಿ, ‘ಪುಣ್ಯಕ್ಕೆ’ ಬಸ್ಸಿಗೂ ಅಂಟಿಲ್ಲ, ಸಿಗುವುದಕ್ಕೂ ಅಂಟಿಲ್ಲ. ನಡೆದ ಸಂಗತಿಯ ಮೇಲೆ ಹೇಳುವವರ ಅಭಿಪ್ರಾಯ ಅದು. ‘ನಿಜಕ್ಕೂ’ ಅನ್ನುವುದೂ ಇದೇ ಜಾತಿ. ಕನ್ನಡ ಈ ಕೆಲಸಕ್ಕೆ ‘ಆಗಿ’ಯನ್ನು ಕರೆಯಲಿಲ್ಲ, ‘ಕ್ಕೆ’ಯನ್ನು ಕರೆಯಿತು. ಮಲಯಾಳ ಗೊತ್ತಿರುವವರು ಈಗ ನಗುತ್ತಿದ್ದೀರಿ. ಅಲ್ಲಿ ‘ಭಾಗ್ಯತ್ತಿನ್’ ಅನ್ನುತ್ತಾರೆ. ಅದು ಕೂಡ ‘ಭಾಗ್ಯಕ್ಕೆ’ ಅಂತಲೇ. ಅಕ್ಕತಂಗಿ ಭಾಷೆಗಳು ಒಂದೇ ದಾರಿ ಹಿಡಿದಿವೆ. ಪತ್ರಿಕೆಯವರು ಮಾತ್ರ ಇದಕ್ಕೆ ‘ಅದೃಷ್ಟವಶಾತ್’ ಅಂತ ಸಂಸ್ಕೃತದ ಪಂಚಮಿ ವಿಭಕ್ತಿ ತೊಡಿಸಿದೆವು. ‘ಪುಣ್ಯಕ್ಕೆ’ ಅಂತ ಬರೆದರೆ ಗಾಂಭೀರ್ಯ ಕಮ್ಮಿ ಆಗುತ್ತದೆ ಅಂತ ಒಂದು ಭಯ.

ಅದೃಷ್ಟ, ಪುಣ್ಯ, ಗ್ರಹಚಾರ ಈ ದಾರಿಯಲ್ಲಿ ಬರುತ್ತವೆ. ಆದರೆ ಆಶ್ಚರ್ಯ ಬರುವುದಿಲ್ಲ. ‘ಆಶ್ಚರ್ಯಕ್ಕೆ ಬಸ್ಸು ಸಿಕ್ಕಿತು’ ಅಂತ ಯಾರೂ ಹೇಳುವುದಿಲ್ಲ. ‘ನನ್ನ ಆಶ್ಚರ್ಯಕ್ಕೆ ಅವನು ಬಂದೇಬಿಟ್ಟ’ ಅಂತ ಈಚೆಗೆ ಕತೆಗಳಲ್ಲಿ ಓದುತ್ತೇವೆ. ಅದು ಇಂಗ್ಲಿಷಿನ ‘ಟು ಮೈ ಸರ್ಪ್ರೈಸ್’ ಕನ್ನಡದ ಅಂಗಿ ಹಾಕಿಕೊಂಡು ಬಂದದ್ದು. ‘ನನ್ನ ಆಶ್ಚರ್ಯಕ್ಕೆ ಪಾರವೇ ಇರಲಿಲ್ಲ’ ಅನ್ನುವುದು ಬೇರೆ ಮಾತು, ಅದು ನಮ್ಮದೇ.

ಯಾಕೆ ಹೀಗೆ? ನನಗೆ ತೋಚಿದ್ದು ಇಷ್ಟು. ಪುಣ್ಯ, ಗ್ರಹಚಾರ ನಮ್ಮ ಲೆಕ್ಕದಲ್ಲಿ ಹೊರಗೆ ಇರುವ ಕಾರಣಗಳು. ಪುಣ್ಯ ಇದ್ದದ್ದರಿಂದ ಬಸ್ಸು ಸಿಕ್ಕಿತು. ಆಶ್ಚರ್ಯ ಕಾರಣ ಅಲ್ಲ. ಬಸ್ಸು ಸಿಕ್ಕಿದ ಮೇಲೆ ನನ್ನೊಳಗೆ ಆಗುವಂಥದ್ದು. ಆದ್ದರಿಂದ ಆಶ್ಚರ್ಯವನ್ನು ನಾವು ಒಂದು ಪ್ರತ್ಯೇಕ ವಾಕ್ಯ ಮಾಡಿಯೇ ಹೇಳುತ್ತೇವೆ. ‘ಆಶ್ಚರ್ಯ ಅಂದ್ರೆ, ಯಾರಿಗೂ ಏನೂ ಆಗಲಿಲ್ಲ.’ ಇಲ್ಲಿ ‘ಅಂದ್ರೆ’ ಇದೆ. ಅಂದವರು ಒಬ್ಬರು ಇದ್ದಾರೆ ಅಂತಾಯಿತು. ಮಲಯಾಳದಲ್ಲೂ ‘ಅದ್ಭುತಮೆನ್ನು ಪರಯಟ್ಟೆ’ ಅನ್ನುತ್ತಾರೆ. ಅದ್ಭುತ ಅಂತ ಹೇಳಲೇ ಅಂತ ಅನುಮತಿ ಕೇಳಿದ ಹಾಗೆ. ಅಲ್ಲಿಯೂ ಹೇಳುವವರು ಎದುರಿಗೇ ನಿಂತಿದ್ದಾರೆ. ಇಂಗ್ಲಿಷ್ ಒಂದು ಶಬ್ದದಲ್ಲಿ ಮುಚ್ಚಿಟ್ಟವರನ್ನು ನಮ್ಮ ಭಾಷೆಗಳು ಹೊರಗೆ ಕರೆದು ನಿಲ್ಲಿಸುತ್ತವೆ. ಅನುವಾದ ಮಾಡುವವರು ಈ ಸವಲತ್ತನ್ನು ಬಿಟ್ಟುಕೊಡಬಾರದು ಅಂತ ನನ್ನ ಹಠ.

ಪತ್ರಿಕೆಯ ವಿಷಯ ಬಂತಲ್ಲ, ‘ಪವಾಡಸದೃಶ’ದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಮಿರಾಕ್ಯುಲಸ್ಲಿ’ಗೆ ನಾವು ಕಂಡುಕೊಂಡದ್ದು ‘ಪವಾಡಸದೃಶ ರೀತಿಯಲ್ಲಿ ಪಾರಾದರು’. ಕಾರು ಮಗುಚಿದರೂ ಪವಾಡಸದೃಶ, ತೆಂಗಿನಕಾಯಿ ತಲೆಯ ಪಕ್ಕ ಬಿದ್ದರೂ ಪವಾಡಸದೃಶ. ಸೀಟ್ ಬೆಲ್ಟ್ ಹಾಕಿಕೊಂಡದ್ದರಿಂದ ಬದುಕಿದವನಿಗೂ ಪವಾಡದ ಪಟ್ಟ! ಇಂಗ್ಲಿಷಿನಲ್ಲೂ ಇದು ಸವೆದುಹೋದ ಶಬ್ದವೇ. ಆದರೆ ಅಲ್ಲಿ ಇಲ್ಲಿ ಎರಡೂ ಕಡೆ ಒಂದು ಶಿಸ್ತು ಉಳಿದಿದೆ. ಒಳ್ಳೆಯದು ಆದರೆ ಮಾತ್ರ ಇದನ್ನು ಬಳಸುತ್ತಾರೆ. ಪವಾಡಸದೃಶವಾಗಿ ಸತ್ತ ಅಂತ ಯಾರೂ ಬರೆದಿಲ್ಲ. ಅಮೇಜಿಂಗ್ಲಿಗೆ ಆ ಕಟ್ಟುಪಾಡು ಇಲ್ಲ. ‘ಅಮೇಜಿಂಗ್ಲಿ ರೂಡ್’, ನಂಬಲಾಗದಷ್ಟು ಒರಟ, ಅಂತ ಧಾರಾಳವಾಗಿ ಬರೆಯಬಹುದು.

ಈ ಕುಟುಂಬದಲ್ಲಿ ಇನ್ನೊಂದು ಶಬ್ದ ಇದೆ. ವಂಡರ್‌ಫುಲಿ. (ಮಕ್ಕಳೇ, ಬರೆಯುವಾಗ ‘ಎಲ್’ ಎರಡು ಸಲ. ಒಂದು ಎಲ್ ಬಿಟ್ಟರೆ ಟೀಚರಿಗೆ ಕೆಂಪು ಪೆನ್ನು ಹಿಡಿಯಲು ಕಾರಣ ಸಿಗುತ್ತದೆ.) ಇದರಲ್ಲಿ ಬೆರಗಿನ ಜೊತೆ ಸಂತೋಷವೂ ಇದೆ. ಹಾಗಾಗಿ ‘ವಂಡರ್‌ಫುಲಿ ಕೂಲ್’ ಅಂದರೆ ಹಿತವಾದ ತಂಪು. ‘ಅಮೇಜಿಂಗ್ಲಿ ಕೋಲ್ಡ್’ ಅಂದರೆ ಹಿತವೋ ಅಹಿತವೋ ಗೊತ್ತಿಲ್ಲ, ಜಾಸ್ತಿ ಚಳಿ ಅಂತ ಮಾತ್ರ ಗೊತ್ತು. ವಂಡರ್‌ಫುಲಿಯ ಪಕ್ಕದಲ್ಲಿ ‘ವಂಡರಿಂಗ್ಲಿ’ ಅಂತ ಒಂದು ಶಬ್ದ ಇದೆ. ಜನ ಹೆಚ್ಚು ಬಳಸುವುದಿಲ್ಲ. ಆದರೆ ಇವತ್ತಿನ ನನ್ನ ವಿಷಯಕ್ಕೆ ಅದು ಬೇಕೇ ಬೇಕು. ಕುಣಿದವಳು ವಂಡರ್‌ಫುಲಿ ಕುಣಿದಳು. ನೋಡಿದ ಮಗು ವಂಡರಿಂಗ್ಲಿ ನೋಡಿತು. ಮೊದಲನೆಯದು ಬೆರಗು ಹುಟ್ಟಿಸುವವರದ್ದು, ಎರಡನೆಯದು ಬೆರಗು ಪಡುವವರದ್ದು.

ಕನ್ನಡದಲ್ಲಿ ಈ ವ್ಯತ್ಯಾಸ ಎಷ್ಟು ಚೆನ್ನಾಗಿ ಬರುತ್ತದೆ ನೋಡಿ. ಮಗು ‘ಬೆರಗಾಗಿ’ ನೋಡಿತು. ಅವಳು ‘ಬೆರಗಾಗುವಂತೆ’ ಕುಣಿದಳು. ‘ವಂತೆ’ ಬಂದ ಕೂಡಲೇ ಬೆರಗು ಇನ್ನೊಬ್ಬರಿಗೆ ದಾಟುತ್ತದೆ. ‘ನೋಡಿದವರು ಮೂಗಿನ ಮೇಲೆ ಬೆರಳಿಡುವಂತೆ’, ‘ಹುಬ್ಬೇರಿಸುವಂತೆ’. ನಮ್ಮ ಹಳೆಯ ನುಡಿಗಟ್ಟುಗಳನ್ನೆಲ್ಲ ನೆನಪು ಮಾಡಿಕೊಳ್ಳಿ. ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತ. ಕಣ್ಣರಳಿಸಿ ನೋಡಿದಳು. ಮೈ ಜುಮ್ಮೆಂದಿತು. ಬೆರಗನ್ನು ನಾವು ಬೆರಗುಪಟ್ಟವರ ಮೈಮೇಲೆ ತೋರಿಸುತ್ತೇವೆ. ಕಣ್ಣು, ಬಾಯಿ, ಹುಬ್ಬು, ಮೂಗು, ಬೆರಳು.

ಭರತನ ನಾಟ್ಯಶಾಸ್ತ್ರದಲ್ಲೂ ಇದೇ ಇದೆ. ಅವನು ಹೇಳುವ ಎಂಟು ರಸಗಳಲ್ಲಿ ಕೊನೆಯದು ಅದ್ಭುತ. ಅದರ ಸ್ಥಾಯಿಭಾವ, ಅಂದರೆ ಒಳಗೆ ನೆಲೆನಿಂತ ಭಾವ, ವಿಸ್ಮಯ. ಅದನ್ನು ರಂಗದ ಮೇಲೆ ತೋರಿಸುವುದು ಹೇಗೆ? ಕಣ್ಣು ಅಗಲ ಮಾಡುವುದು, ಎವೆಯಿಕ್ಕದೆ ನೋಡುವುದು, ರೋಮಾಂಚನ, ಬೆವರು, ಸಂತೋಷದ ಕಣ್ಣೀರು, ‘ಸಾಧು’ ಅಂತ ಉದ್ಗರಿಸುವುದು. ‘ಸಾಧು’ ಅಂದರೆ ನಮ್ಮ ‘ಭಲೇ’. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಆದರೂ ಮಾತಿನಲ್ಲೇ ಪಾತ್ರ ಕಟ್ಟುವ ಒಬ್ಬ ಒಳ್ಳೆಯ ಅರ್ಥಧಾರಿ ‘ಆಹಾ, ಏನಿದು!’ ಅಂದ ಒಂದು ಉಸಿರಿನಲ್ಲಿ ಸಭೆಗೆ ಸಭೆಯೇ ಎದ್ದು ಕೂರುತ್ತದೆ. ಅಲ್ಲಿ ‘ಆಶ್ಚರ್ಯಕರವಾಗಿ’ ಅಂತ ಯಾವ ಅರ್ಥಧಾರಿಯೂ ಶುರು ಮಾಡುವುದಿಲ್ಲ.

ಶಬ್ದಗಳ ಹುಟ್ಟನ್ನು ನೋಡಿದರೂ ಸ್ವಾರಸ್ಯ ಇದೆ. ಅಮೇಜ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಮಂಕು ಹಿಡಿಸು, ದಿಕ್ಕು ತಪ್ಪಿಸು ಅಂತ. ದಾರಿ ಸಿಗದ ಚಕ್ರವ್ಯೂಹದಂಥ ಕಟ್ಟಡಕ್ಕೆ ‘ಮೇಜ್’ ಅನ್ನುತ್ತಾರಲ್ಲ, ಅದೂ ಇದೂ ಒಂದೇ. ಸರ್ಪ್ರೈಸ್ ಹಳೆಯ ಫ್ರೆಂಚಿನದು. ಮೇಲೆ ಬಿದ್ದು ಹಿಡಿಯುವುದು ಅಂತ ಮೂಲ. ಆಸ್ಟಾನಿಶ್ ಅನ್ನುವುದರ ಒಳಗೆ ಲ್ಯಾಟಿನ್ನಿನ ಗುಡುಗು ಇದೆ. ಗುಡುಗು ಬಡಿದವನಂತಾಗುವುದು. ಅಂದರೆ ಯುರೋಪಿನ ಬೆರಗಿನಲ್ಲಿ ದಿಕ್ಕುಗೇಡು, ಹೊಂಚುದಾಳಿ, ಸಿಡಿಲು! ಸಂಸ್ಕೃತದ ವಿಸ್ಮಯದಲ್ಲಿ ಇರುವುದು ‘ಸ್ಮಿ’ ಧಾತು. ಸ್ಮಿತ ಅಂದರೆ ಮುಗುಳ್ನಗೆ ಅಲ್ವಾ, ಅದೇ. ಇದನ್ನು ಕೇಳಿ ನಾವೇ ಮೇಲು ಅಂತ ಎದೆ ಉಬ್ಬಿಸಬೇಡಿ. ಇಂಗ್ಲಿಷಿನ ಮಿರಾಕಲ್, ಮಾರ್ವೆಲ್ ಎರಡೂ ಲ್ಯಾಟಿನ್ನಿನ ‘ಮೀರುಸ್’ನಿಂದ ಬಂದವು. ಅದಕ್ಕೂ ಇದೇ ನಗುವಿನ ಧಾತುವಿಗೂ ಭಾಷಾಶಾಸ್ತ್ರದವರು ನಂಟು ಹೇಳುತ್ತಾರೆ.

ಬೆರಗಿನ ಪಕ್ಕದಲ್ಲಿ ಭಯ ಯಾವಾಗಲೂ ಇದ್ದೇ ಇದೆ. 1611ರ ಕಿಂಗ್ ಜೇಮ್ಸ್ ಬೈಬಲಿನ 139ನೇ ಕೀರ್ತನೆಯಲ್ಲಿ ಮನುಷ್ಯನನ್ನು ‘ಫಿಯರ್‌ಫುಲಿ ಆ್ಯಂಡ್ ವಂಡರ್‌ಫುಲಿ’ ಮಾಡಲಾಗಿದೆ ಅಂತ ಬರುತ್ತದೆ. ಭಯ ಬೆರಗು ಎರಡೂ ಜೋಡಿಯಾಗಿವೆ. ದೇವರ ಎದುರು ನಿಂತಾಗ ಆಗುವ ಭಯಭಕ್ತಿಗೆ ಇಂಗ್ಲಿಷಿನಲ್ಲಿ ‘ಆ’ (awe) ಅನ್ನುವ ಪುಟ್ಟ ಶಬ್ದ ಇದೆ. ಅದರಿಂದ ಎರಡು ಮಕ್ಕಳು ಹುಟ್ಟಿದವು. ‘ಆಫುಲ್’ ಕೆಟ್ಟದ್ದಕ್ಕೆ ಹೋಯಿತು, ‘ಆಸಮ್’ ಒಳ್ಳೆಯದಕ್ಕೆ ಹೋಯಿತು. ವಿಚಿತ್ರ ಅಂದ್ರೆ, ‘ಆಫುಲ್’ ಕೆಟ್ಟಿತಾದರೂ ‘ಆಫುಲಿ’ ಕೆಡಲಿಲ್ಲ. ‘ಆಫುಲಿ ನೈಸ್’ ಅಂದರೆ ತುಂಬಾ ಒಳ್ಳೆಯದು. ‘ಟೆರಿಬ್ಲಿ’ಯದ್ದೂ ಅದೇ ಕಥೆ. ಭಯ ಸೋರಿಹೋಗಿ ‘ಜಾಸ್ತಿ’ ಅನ್ನುವ ಸಿಪ್ಪೆ ಮಾತ್ರ ಉಳಿದಿದೆ.

ಇಂಗ್ಲಿಷಿನವರು ಎಂಥ ಜನ, ಭಯಂಕರ ಅಂತ ಹೊಗಳುತ್ತಾರಲ್ಲ ಅಂತ ನಗಬೇಡಿ. ಇಲ್ಲಿಂದ ಕಾಸರಗೋಡು ಪೇಟೆಗೆ ಹೋಗುವ ಬಸ್ಸಿನಲ್ಲಿ ಕಿವಿಗೊಟ್ಟು ಕೂರಿ. ‘ಭಯಂಕರ ಇಷ್ಟಮಾಣ್’ ಅನ್ನುತ್ತಾಳೆ ಮಲಯಾಳದ ಹುಡುಗಿ. ತುಂಬಾ ಇಷ್ಟ ಅಂತ. ನಮ್ಮವರೇನು ಕಮ್ಮಿಯಾ? ‘ಭಯಂಕರ ಸೆಕೆ’ ಸರಿ, ಸೆಕೆ ಭಯಂಕರವೇ. ‘ಭಯಂಕರ ಲಾಯ್ಕ’, ಅಂದರೆ ತುಂಬಾ ಚಂದ, ಅಂತಲೂ ಅನ್ನುತ್ತಾರಲ್ಲ! ಮಲಯಾಳದಲ್ಲಿ ‘ಒಡುಕ್ಕತ್ತೆ’ ಅಂತ ಇನ್ನೊಂದಿದೆ. ಅದರ ಮೂಲ ಅರ್ಥ ಕೊನೆಯದ್ದು ಅಂತ. ಈಗ ಚಂದ ಜಾಸ್ತಿ ಇದ್ದರೂ ಅದೇ ಶಬ್ದ. ತುಳುವಿನಲ್ಲಿ ತುಂಬಾ ಚಂದ ಅನ್ನಲು ‘ಭಾರಿ ಶೋಕು’. ಭಾರಿ ಅಂದರೆ ತೂಕದ್ದು. ಮಂಗಳೂರಿನವರ ‘ಮಸ್ತ್’ ಪಾರ್ಸಿಯಿಂದ ಬಂತು, ಅಲ್ಲಿ ಅದಕ್ಕೆ ಅಮಲೇರಿದ ಅಂತ ಅರ್ಥ. ಬೆಂಗಳೂರಿನವರ ‘ಸಖತ್’ ಕೂಡ ಪಾರ್ಸಿಯದೇ, ಗಟ್ಟಿ ಅಥವಾ ಕಠಿಣ ಅಂತ ಅದರ ಅರ್ಥ. ಹಾಗಾಗಿ ‘ಸಖತ್ ಮೆತ್ತಗಿದೆ’ ಅಂದರೆ ಮೂಲದ ಪ್ರಕಾರ ಗಟ್ಟಿಯಾಗಿ ಮೆತ್ತಗಿದೆ. ಯಾರಿಗೂ ಹಾಗೆ ಕೇಳಿಸುವುದಿಲ್ಲ. ಇಂಗ್ಲಿಷಿನ ಸಾಧು ಪ್ರಾಣಿ ‘ವೆರಿ’ ಕೂಡ ಒಂದು ಕಾಲದಲ್ಲಿ ‘ನಿಜವಾದ’ ಅಂತಿತ್ತು.

ಭಾಷೆ ಹಾಳಾಯಿತು ಅಂತ ಕೊರಗುವವರು ಈ ಜಾಗದಲ್ಲಿ ಭಾಷಣ ಮಾಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಜನಕ್ಕೆ ‘ತುಂಬಾ’ ಅಂತ ಹೇಳಿ ಹೇಳಿ ಸಾಕಾಗುತ್ತ ಇರುತ್ತದೆ. ಆವಾಗ ಒಂದು ದೊಡ್ಡ ಶಬ್ದವನ್ನು ಎಳೆದು ತರುತ್ತಾರೆ. ಅದೂ ಸವೆಯುತ್ತದೆ, ಇನ್ನೊಂದು ಬರುತ್ತದೆ. ‘ಅಮೇಜಿಂಗ್’ ಈಗ ಸವೆಯುತ್ತಿರುವ ಸರದಿಯಲ್ಲಿದೆ. ಚಹಾ ಕುಡಿದರೂ ಅಮೇಜಿಂಗ್, ಚಪ್ಪಲಿ ಕೊಂಡರೂ ಅಮೇಜಿಂಗ್.

ಇನ್ನೊಂದು ಶಬ್ದದ ಬಗ್ಗೆ ಮಕ್ಕಳಿಗೆ ಎಚ್ಚರಿಕೆ ಕೊಡಲೇಬೇಕು. ಸರ್ಪ್ರೈಸಿಂಗ್ಲಿ. ಮದುವೆ ಊಟ ಮಾಡಿ ಬಂದು ‘ದ ಪಾಯಸ ವಾಸ್ ಸರ್ಪ್ರೈಸಿಂಗ್ಲಿ ಗುಡ್’ ಅಂತ ಮೆಸೇಜ್ ಕಳಿಸಬೇಡಿ. ಪಾಯಸ ಕೆಟ್ಟಿರಬಹುದು ಅಂತ ನೀವು ಮೊದಲೇ ಅಂದುಕೊಂಡಿದ್ದಿರಿ ಅನ್ನುವುದನ್ನು ಆ ಶಬ್ದ ಹೇಳಿಬಿಡುತ್ತದೆ. ವಂಡರ್‌ಫುಲಿಯಲ್ಲಿ ಈ ಅಪಾಯ ಇಲ್ಲ. ಅಮೇಜಿಂಗ್ಲಿಯಲ್ಲಿ ಸ್ವಲ್ಪ ಇದೆ. ಸರ್ಪ್ರೈಸಿಂಗ್ಲಿಯಲ್ಲಿ ಪೂರ್ತಿ ಇದೆ. ಕನ್ನಡದಲ್ಲಿ ಇಷ್ಟೆಲ್ಲ ಕೆಲಸವನ್ನು ಒಂದು ‘ಏ’ ಮಾಡುತ್ತದೆ. ‘ಪಾಯಸ ಚೆನ್ನಾಗಿತ್ತು’ ಅಂದರೆ ಹೊಗಳಿಕೆ. ‘ಪಾಯಸ ಚೆನ್ನಾಗೇ ಇತ್ತು’ ಅಂದು ನೋಡಿ. ಅತ್ತೆ ಎರಡನೇ ಸಲ ಬಡಿಸುವುದಿಲ್ಲ.

ಮಾತು ಮುಗಿಸಿ ಪ್ರಶ್ನೆಗಳಿಗೆ ಬಿಟ್ಟಾಗ ಒಬ್ಬ ಯುವಕರು ‘ಹೋಪ್‌ಫುಲಿ’ ಬಗ್ಗೆ ಕೇಳಿದರು. ಅದೂ ಇದೇ ಥರವಾ ಅಂತ. ಅದರ ಜಗಳ ದೊಡ್ಡದು. ‘ಹೋಪ್‌ಫುಲಿ, ದ ಬಸ್ ವಿಲ್ ಕಮ್’ ಅಂದರೆ ಬಸ್ಸು ಆಶೆ ಇಟ್ಟುಕೊಂಡು ಬರುತ್ತದಾ ಅಂತ 1960ರ ದಶಕದಿಂದ ಇಂಗ್ಲಿಷ್ ಪಂಡಿತರು ಕೂಗಾಡಿದರು. ಅಮೇರಿಕದ ಅಸೋಸಿಯೇಟೆಡ್ ಪ್ರೆಸ್ ತನ್ನ ಭಾಷಾ ಕೈಪಿಡಿಯಲ್ಲಿ ಅದನ್ನು ಒಪ್ಪಿಕೊಂಡದ್ದು 2012ರಲ್ಲಿ. ಅಮೇಜಿಂಗ್ಲಿಯ ಮೇಲೆ ಅಂಥ ಸಿಟ್ಟು ಬರಲಿಲ್ಲ. ಆಗ ಹೇಳಿದ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ, ‘ಇಟ್ ಈಸ್ ಅಮೇಜಿಂಗ್ ದಟ್’ ಅನ್ನಬಹುದು. ‘ಇಟ್ ಈಸ್ ಹೋಪ್‌ಫುಲ್ ದಟ್’ ಅನ್ನಲು ಬರುವುದಿಲ್ಲ. ನಮ್ಮಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ‘ಬಸ್ಸು ಬಂದೀತು’ ಅನ್ನುತ್ತೇವೆ. ಆಶೆ ಕ್ರಿಯಾಪದದ ಬಾಲದಲ್ಲೇ ಇದೆ.

ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ಸ್ಟ್ರೇಂಜ್ಲಿ ಇನಫ್’ ಅಂದರೆ ‘ಸಾಕಷ್ಟು ವಿಚಿತ್ರವಾಗಿ’ ಅಂತಲೇ ಟೀಚರ್ ಅಂತ ಕೇಳಿದಳು. ಅಲ್ಲ ಮಗಾ. ಅಲ್ಲಿ ಇನಫ್‌ಗೆ ‘ಸಾಕು’ ಅನ್ನುವ ಅರ್ಥ ಉಳಿದಿಲ್ಲ. ಇದು ಇಡೀ ವಾಕ್ಯದ ಮೇಲಿನ ಮಾತು ಅಂತ ಗುರುತು ತೋರಿಸಲು ಮಾತ್ರ ಇದೆ. ‘ವಿಚಿತ್ರ ಅಂದ್ರೆ’ ಅಂತ ಬರೆದರೆ ಆಯಿತು. ಹಾಗೇ ‘ಐ ವಂಡರ್ ಇಫ್ ದ ಬಸ್ ಹ್ಯಾಸ್ ಗಾನ್’ ಅನ್ನುವಲ್ಲಿ ವಂಡರ್ ಇದೆ, ಬೆರಗು ಇಲ್ಲ. ‘ಬಸ್ಸು ಹೋಯಿತೋ ಏನೋ’ ಅಷ್ಟೇ.

ಕೊನೆಯ ಪ್ರಶ್ನೆ ಒಬ್ಬರು ಮಾಷ್ಟ್ರದ್ದು. ಪರೀಕ್ಷೆಯಲ್ಲಿ ಮಗು ಅಮೇಜಿಂಗ್ಲಿಗೆ ‘ಆಶ್ಚರ್ಯಕರವಾಗಿ’ ಅಂತ ಬರೆದರೆ ಮಾರ್ಕು ಕಳೆಯಬೇಕಾ ಅಂತ. ಬೇಡ ಮಾಷ್ಟ್ರೆ. ಪತ್ರಿಕೆಯಲ್ಲಿ ನಾವೇ ಹಾಗೆ ಬರೆಯುತ್ತೇವೆ, ಮಗು ಅಲ್ಲಿಂದಲೇ ಕಲಿತಿರುತ್ತದೆ. ಗುಣಕ್ಕೆ ಅಂಟಿದ ಅಮೇಜಿಂಗ್ಲಿ ಆದರೆ ಅದು ನಡೆದೂ ನಡೆಯುತ್ತದೆ. ಆದರೆ ಪಕ್ಕದ ಬೆಂಚಿನ ಮಗು ‘ಆಶ್ಚರ್ಯ ಅಂದ್ರೆ’ ಅಂತ ಬರೆದಿದ್ದರೆ, ಇದು ಆಡುಮಾತು, ಗ್ರಂಥಸ್ಥ ಅಲ್ಲ ಅಂತ ಅದರ ಮಾರ್ಕನ್ನೂ ಕಳೆಯಬೇಡಿ. ‘ಅಂದ್ರೆ’ ಬೇಡ ಅನಿಸಿದರೆ ‘ಎಂದರೆ’ ಅಂತ ತಿದ್ದಿ ಕೊಡಿ, ಸಾಕು.